ಗೇಣಿಗೆ ಒಂದು ಬೆರಳು ಕಮ್ಮಿ

ಜುಲೈ. ಪುಂತಾ ಅರೇನಸ್‌ನಲ್ಲಿ ಬೆಳಕಾಗುವುದು ಹತ್ತಕ್ಕೆ.
ಬಾಗಿಲು ತೆಗೆದು ಗಾಳಿಯನ್ನೂ ಜೊತೆಗೆ ಒಳತಂದ
ಕುರಿ ತುಪ್ಪಟ ಕತ್ತರಿಸುವ ಒನೋಫ್ರೆ ಬರ್ರೀಯ.
ಕಂಕುಳಲ್ಲಿ ಶಾಲೆಯಿಂದ ಎರವಲು ತಂದ ಗ್ಲೋಬು.
ನನ್ನ ಟಿಕೇಟು ಮೇಜಿನ ಮೇಲೆ ಕುಕ್ಕಿದ. ಚಹಾ ತುಳುಕಿತು.

"ಮಿಲ್ಕಾ, ನೀನು ಬರೆದುಕೊಟ್ಟದ್ದು ಓದಿದೆ.
ಇಲ್ಲಿಂದ ಸಾಂತಿಯಾಗೊ, ಮೂರೂವರೆ ಗಂಟೆ, ಉತ್ತರಕ್ಕೆ.
ಅಲ್ಲಿಂದ ಆಕ್ಲೆಂಡ್, ಹದಿಮೂರು.
ಮತ್ತೆ ಎರಡು ಗಂಟೆ ಕೆಳಗಿಳಿದರೆ ಇನ್ವರ್‌ಕಾರ್ಗಿಲ್.
ಎಲ್ಲ ಕೂಡಿ ಹದಿಮೂರು ಸಾವಿರ ಕಿಲೋಮೀಟರ್.
ದಕ್ಷಿಣದ ಕುರಿಯ ಬಳಿ ಹೋಗುವವನು
ಉತ್ತರದ ಬಾಗಿಲು ಯಾಕೆ ತಟ್ಟಬೇಕು?"

ಜೇಬಿನಿಂದ ಒಂದೆಳೆ ಉಣ್ಣೆ ತೆಗೆದ.
ಒಂದು ತುದಿಯನ್ನು ನಮ್ಮೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ
ಗ್ಲೋಬನ್ನು ಬುಡಮೇಲು ಮಾಡಿ
ಇನ್ನೊಂದು ತುದಿಯನ್ನು ಆ ಬಿಳಿಯ ಮೇಲಿಂದ ಎಳೆದ.
ಏಳು ಸಾವಿರದ ಆರುನೂರು.
ಗೇಣಿಗೆ ಒಂದು ಬೆರಳು ಕಮ್ಮಿ.
"ನೋಡು, ನಾವೂ ಅವರೂ ಬೆನ್ನಿಗೆ ಬೆನ್ನು ತಾಗಿದ ಮನೆಯವರು."

"ಹಿತ್ತಿಲು ನೋಡಿದೆಯಾ?" ಅಂದೆ.
"ಇಂಜಿನ್ನು ಕೆಮ್ಮಿದರೆ ಇಳಿಯಲು ಒಂದು ಪಟ್ಟಿ ನೆಲ?
ಕರೆದರೆ ಓಗೊಡಲು ಒಬ್ಬ?
ವಿಮಾನಕ್ಕೂ ಹೆದರಿಕೆ ಇರುತ್ತದೆ, ಒನೋಫ್ರೆ.
ಅದು ದೂರ ಅಳೆಯುವುದು ನೂಲಿನಿಂದಲ್ಲ."

ಒಪ್ಪಿದನೋ ಇಲ್ಲವೋ. ಮೂತಿ ತಿರುವಿ ತಾರೀಖಿನ ಮೇಲೆ ಬೆರಳಿಟ್ಟ.
"ಮಂಗಳವಾರ ರಾತ್ರಿ ಹತ್ತುತ್ತೇನೆ, ಗುರುವಾರ ನಸುಕಿಗೆ ಇಳಿಯುತ್ತೇನೆ.
ನನ್ನ ಬುಧವಾರದ ಕೂಲಿ ಯಾರಿಗೆ?"
ಕಡಲಿನ ನಡುವೆ ಒಂದು ಗೆರೆ ಇದೆ,
ಅದರ ಮೇಲೆ ಹಾಯುವಾಗ ಕಸಿದುಕೊಳ್ಳುತ್ತಾರೆ,
ಬರುವಾಗ ಕೊಡುತ್ತಾರೆ ಅಂದೆ.
"ರಸೀದಿ?"
ರಸೀದಿ ಇಲ್ಲ.

ಸೆಪ್ಟೆಂಬರಿನಲ್ಲಿ ಬಂದ, ಬಲಗೈ ಮಣಿಕಟ್ಟು ಊದಿಕೊಂಡು.
ದಿನಕ್ಕೆ ಇನ್ನೂರ ಎಪ್ಪತ್ತು ಕುರಿಯಂತೆ.
ಅಲ್ಲಿಯೂ ಇದೇ ಗಾಳಿ, ಇದೇ ಹುಲ್ಲು,
ಬೈಗುಳ ಮಾತ್ರ ಬೇರೆ.
"ನೀನು ಸುಳ್ಳು ಹೇಳಿದೆ. ಬುಧವಾರ ಕೊಡಲಿಲ್ಲ,
ಶನಿವಾರ ಕೊಟ್ಟರು.
ಸಂಜೆ ಆರಕ್ಕೆ ಹೊರಟವನು
ಅದೇ ಶನಿವಾರದ ಮಧ್ಯಾಹ್ನ ಸಾಂತಿಯಾಗೊದಲ್ಲಿ ಇಳಿದೆ.
ಇನ್ನೂ ಹೊರಟೇ ಇರಲಿಲ್ಲ, ತಲುಪಿಯೂ ಆಗಿತ್ತು!"
ಆ ಹೆಚ್ಚಿನ ದಿನ ಏನು ಮಾಡಿದೆ ಅಂತ ಕೇಳಿದೆ.
ಕುರ್ಚಿಯಲ್ಲಿ ಕೂತು ನಿದ್ದೆ ಹೋದನಂತೆ,
ಬೂಟು ಬಿಚ್ಚಿಟ್ಟು.

ನಾನೋ, ಮೂವತ್ತೊಂದು ವರ್ಷ ಟಿಕೇಟು ಬರೆದವಳು.
ಹೋದದ್ದು ಜಲಸಂಧಿ ದಾಟಿ ಪೊರ್ವೆನೀರ್ ತನಕ,
ದೋಣಿಯಲ್ಲಿ ಎರಡೂಕಾಲು ಗಂಟೆ, ದಾರಿಯುದ್ದ ವಾಂತಿ.

ಅವನು ಬಿಟ್ಟುಹೋದ ಎಳೆ ನನ್ನ ಡ್ರಾಯರಿನಲ್ಲಿತ್ತು,
ಪಿನ್ನು ರಬ್ಬರುಗಳ ನಡುವೆ.
ನಿನ್ನೆ ಗಿರಾಕಿಗಳಿಲ್ಲದ ಹೊತ್ತು ಕೈಗೆ ಸುತ್ತಿಕೊಂಡೆ.
ಸರಿಯಾಗಿ ಒಂದು ಸುತ್ತು,
ಗಂಟಿಗೆಂದು ಚೂರು ಮಿಕ್ಕಿತು.
ಒಂದೇ ಕೈಯಲ್ಲಿ ಗಂಟು ಬೀಳುವುದಿಲ್ಲ.
ಹಲ್ಲಿನಲ್ಲಿ ಕಚ್ಚಿ ಎಳೆದೆ.
ಬಾಯಿ ತುಂಬ ಕುರಿಯ ಜಿಡ್ಡು.