ರೋದಮ್ಮ ಟೀಚರ್ ಬಾಗಿಲು ತೆಗೆದದ್ದು

ಬೈಬಲಿನ ರೋದೆ, ಕದ ತಟ್ಟಿದ ಪೇತ್ರನ ದನಿ ಕೇಳಿ
ಹಿಗ್ಗಿನಲ್ಲಿ ಅಗಳಿ ತೆಗೆಯುವುದನ್ನೇ ಮರೆತು
ಒಳಗೋಡಿದಳಂತೆ.
ತಮ್ಮದೇ ಹೆಸರಿನ ಆ ಹುಡುಗಿಯನ್ನು ನಮ್ಮತ್ತೆ
ಕೊನೆವರೆಗೂ ಕ್ಷಮಿಸಲಿಲ್ಲ.
"ಮೊದಲು ಬಾಗಿಲು ತೆಗೀಬೇಕು ಕಣವ್ವ,
ಹಿಗ್ಗೋದು ಆಮೇಲೆ."

ನನಗೆ ತೆಗೆದದ್ದೂ ಹಾಗೇ.
ಮಂಡ್ಯದ ಕಾರ್ಖಾನೆ ಕಬ್ಬು ಅರೆಯುವ ತಿಂಗಳು,
ಊರಿಗೆ ಊರೇ ಕಾಕಂಬಿ ನಾತ,
ರಾತ್ರಿ ಪಾಳಿಯ ಕೂಗು ಆಗಷ್ಟೇ ನಿಂತಿತ್ತು.
ಅವರ ನಡುವಿನ ಮಗ, ನಾನು, ಒಂದು ಏರ್‌ಬ್ಯಾಗು,
ಕೊರಳಲ್ಲಿ ಇನ್ನೂ ಹಸಿ ಅರಿಶಿನದ ದಾರ.
ಕರೆಂಟಿರಲಿಲ್ಲ. ಲಾಟೀನು ಎತ್ತಿ
ಉತ್ತರ ಪತ್ರಿಕೆ ನೋಡುವ ಹಾಗೆ ನನ್ನ ಮುಖ ನೋಡಿದರು.
"ಊಟ ಆಗಿದೆಯಾ?"
ಅಷ್ಟೇ.
ಹಿಗ್ಗಲು ಹನ್ನೊಂದು ತಿಂಗಳು ಹಿಡಿಯಿತು.

ಹಿಗ್ಗಿದರೆಂದು ಗೊತ್ತಾದದ್ದು ಪ್ರಾರ್ಥನೆಯಲ್ಲಿ.
ರಾತ್ರಿ ಎಂಟಕ್ಕೆ ಚಾಪೆ ಹಾಸಿ
ಹಾಜರಿ ಕರೆದಂತೆ ದೇವರಿಗೆ ಹೆಸರು ಓದುವರು:
ಹಿರಿಮಗ, ಅವನ ಹೆಂಡತಿ, ಕೊಳ್ಳೇಗಾಲದ ತಂಗಿ,
ಅವಳ ಐವರು, ಮೂರ್ಛೆರೋಗದ ಮೈದುನ...
ಕಟ್ಟಕಡೆಗೆ ನಾನು,
ಹಾಲಿನ ಸಿಂಗ್ರಯ್ಯನಿಗೂ ಲೈನ್‌ಮನ್ನಿಗೂ ನಡುವೆ.
ಒಂದು ರಾತ್ರಿ, ಯಾವ ಸುಳಿವೂ ಇಲ್ಲದೆ,
ಮಗನ ಹೆಸರಿಗಿಂತ ಮುಂಚೆ ನನ್ನದು ಬಂತು.
ಕಣ್ಣು ಮುಚ್ಚಿಯೇ ಇದ್ದೆ.
ಬಿಟ್ಟರೆ ಅವರು ನೋಡಿಬಿಡುತ್ತಾರೆಂದು.

ಅಯ್ಯನವರು ರೂತ್, ರೆಬೆಕ್ಕ ಎಂದು
ನನಗೊಂದು ಹೆಸರಿನ ಚೀಟಿ ಬರೆದು ತಂದಿದ್ದರು.
"ದ್ಯಾವೀರಮ್ಮ ಅಂತಲೇ ಇರಲಿ" ಎಂದರು ಅತ್ತೆ.
"ಹೊಳಲು ಶಾಲೇಲಿ ಹದಿನೆಂಟು ವರ್ಷದಿಂದ ಹಾಜರಿ ಬರೀತಿದೀನಿ.
ಮಗು ಮನೆಯಿಂದ ತಂದ ಹೆಸರನ್ನ
ಒಂದು ದಿನವೂ ಹೊಡೆದುಹಾಕಿಲ್ಲ."
ಆಮೇಲೆ ಅದೇ ಚೀಟಿಯಲ್ಲಿ
ತಪ್ಪಿದ್ದ ಎರಡು ಒತ್ತಕ್ಷರಕ್ಕೆ
ಕೆಂಪು ಸೊನ್ನೆ ಸುತ್ತಿ ಅಯ್ಯನವರಿಗೇ ಹಿಂದಿರುಗಿಸಿದರು.

ಸಭೆಯ ಖಜಾಂಚಿ, ಸ್ತ್ರೀಯರ ಕೂಟದ ಅಧ್ಯಕ್ಷೆ.
ಹಳೆ ಅಯ್ಯನವರಿಗೆ ವರ್ಗವಾಗಿ, ಹೊಸಬರು ಬಾರದ ಏಳು ತಿಂಗಳು
ಪ್ರಸಂಗವೂ ಅವರದೇ.
ಪೀಠ ಹತ್ತುತ್ತಿರಲಿಲ್ಲ. ಕೆಳಗೇ ನಿಂತು
ಸೀಮೆಸುಣ್ಣ ಹಿಡಿದವರಂತೆ ಬೆರಳು ಕೂಡಿಸಿ,
"ಹಿಂದಿನ ಬೆಂಚು, ಕೇಳ್ತಿದೆಯಾ?"
ಹೆಂಗಸಿನ ಪ್ರಸಂಗವೇ ಎಂದು ಕಮಿಟಿಯ ಇಬ್ಬರು ಎದ್ದು ಹೋದರು.
ಇಬ್ಬರಿಗೂ ಮಗ್ಗಿ ಕಲಿಸಿದ್ದು ಅವರೇ.
ಮುಂದಿನ ಭಾನುವಾರ ಬಂದು ಕೂತರು,
ಹಿಂದಿನ ಬೆಂಚಿನಲ್ಲೇ.

ಸುಗ್ಗಿ ಹಬ್ಬದ ಹರಾಜು ಕೂಗುವುದಕ್ಕೂ ಅವರೇ ಬೇಕು.
ಆರಾಧನೆ ಮುಗಿದು, ಬೇವಿನ ಕೆಳಗೆ
ಕಬ್ಬಿನ ಕಟ್ಟು, ಒಂದು ಹುಂಜ, ಸೇರು ರಾಗಿ, ಕುಂಬಳ.
"ಒಂದು ಸಾರಿ." ಇದು ಚುರುಕು.
"ಎರಡು ಸಾರಿ." ಇಲ್ಲಿ ನಿಲ್ಲುವರು.
ಕನ್ನಡಕ ಒರೆಸುವರು. ಕೆಮ್ಮುವರು.
ಕಂಟ್ರಾಕ್ಟರು ಎತ್ತಿದ ಕೈ ಅವರಿಗೆ ಕಾಣುವುದೇ ಇಲ್ಲ.
ಗುಡಿಸುವ ಲೂಯಿಸಮ್ಮ ಸೆರಗಿನ ಗಂಟು ಬಿಚ್ಚಿ
ಚಿಲ್ಲರೆ ಎಣಿಸಿ ತಲೆ ಎತ್ತುವವರೆಗೂ
ಮೂರನೇ ಸಾರಿ ಬರುತ್ತಿರಲಿಲ್ಲ.

ಸಮಾಧಿಯ ಕಲ್ಲಿನಲ್ಲಿ ಕೆತ್ತುವವನು
"ಅದ್ಯಾಪಕಿ" ಎಂದು ಕೆತ್ತಿಬಿಟ್ಟಿದ್ದ. ಹೊಟ್ಟೆ ಸೀಳಿರಲಿಲ್ಲ.
"ಯಾರ್ ನೋಡ್ತಾರೆ ಬುಡಿ."
ಯಾರು ನೋಡುತ್ತಾರೆಂದು ನನಗೆ ಗೊತ್ತಿತ್ತು.
ನನ್ನ ಹೆಸರಿನ ದ್ಯಾ ಅವರ ಕಲ್ಲಿನಲ್ಲಿ ಬಂದು ಕೂತಿತ್ತು,
ಒಂದು ಗಳಿಗೆ ಆಸೆಯಾಯಿತು, ಇರಲಿ ಅಂತ.
ಮತ್ತೆ ಉಳಿ ಇಸಿದುಕೊಂಡು ನಾನೇ ಗೀರಿದೆ.
ಗೀರು ಸೊಟ್ಟಗೆ ಬಂತು.

ಈ ಸಲ ಹರಾಜಿಗೆ ನನ್ನನ್ನು ನಿಲ್ಲಿಸಿದ್ದಾರೆ.
ತೋಳಲ್ಲಿ ಕುಂಬಳ, ಹಸುಗೂಸಿನ ತೂಕ.
ಒಂದು ಸಾರಿ.
ಎರಡು ಸಾರಿ.
ಲೂಯಿಸಮ್ಮ ಇನ್ನೂ ಗಂಟು ಬಿಚ್ಚುತ್ತಿದ್ದಾಳೆ.