ಒಂದಿಂಚಿಗೆ ಹನ್ನೊಂದು

ನಮ್ಮ ಗಾರ್ಮೆಂಟ್ಸಿನಲ್ಲಿ ಒಂದಿಂಚಿಗೆ ಹನ್ನೊಂದು ಹೊಲಿಗೆ.
ಹತ್ತಾದರೆ ಪೀಸು ವಾಪಸ್ಸು.
ಬ್ಯಾಂಡೇಜು ಬಿಚ್ಚಿದ ದಿನ ನಾನು ಮೊದಲು ಎಣಿಸಿದ್ದೂ ಅದನ್ನೇ:
ಹೊಕ್ಕುಳ ಬಳಸಿ ಕೆಳಕ್ಕೆ ಏಳಿಂಚು,
ಇಂಚಿಗೆ ಎರಡೇ ಪಿನ್ನು, ಒಂದು ಕಡೆ ಸುಕ್ಕು.
'ನಮ್ಮ ಸೂಪರ್‌ವೈಸರ್ ಕೈಗೆ ಸಿಕ್ಕಿದ್ದರೆ
ನಿಮ್ಮ ಡಾಕ್ಟರಿಗೆ ಆ ದಿನದ ಸಂಬಳ ಕಟ್' ಅಂದೆ.
ನೀನು ನಗಲಿಲ್ಲ.
ಆಮೇಲೂ ನಗಲಿಲ್ಲ.

ಹೊಟ್ಟೆಯ ಬಲಕ್ಕೆ ಚೀಲ.
ಮೂರು ತಿಂಗಳು ಅಂದರು. ಸೋಂಕಾಯಿತು, ಆರು ಅಂದರು.
ಈಗ ನೋಡೋಣ ಅನ್ನುತ್ತಾರೆ.
ನೀನು ಗೋಡೆ ನೋಡುತ್ತೀಯ.
ಹದಿನೆಂಟು ವರ್ಷ ಬಸ್ಸು ಓಡಿಸಿದ ಕಣ್ಣು,
ಆಟೋ, ದನ, ಗುಂಡಿ, ಓಡಿ ಬಂದು ಹತ್ತುವ ಹುಡುಗರು
ಎಲ್ಲ ಒಟ್ಟಿಗೆ ಕಾಣುತ್ತಿದ್ದ ಕಣ್ಣು
ಬಣ್ಣ ಎದ್ದ ಒಂದು ತೇಪೆಯ ಮೇಲೆ
ಬೆಳಗಿನಿಂದ ನಿಂತಿದೆ.

ಬಂದವರು ಎಳನೀರು ತರುತ್ತಾರೆ.
'ಧೈರ್ಯ ತಂದ್ಕೋ ರಂಗಧಾಮ, ಗಂಡಸು ನೀನು.'
ಯಾವ ಅಂಗಡಿ, ಕೇಜಿಗೆ ಎಷ್ಟು, ಅದನ್ನೂ ಹೇಳಿದ್ದರೆ
ಲಗ್ಗೆರೆಯಲ್ಲಿ ಸಿಗದಿದ್ದರೂ
ಮಾರ್ಕೆಟ್ಟಿಗೆ ಹೋಗಿ ನಾನೇ ತರುತ್ತಿದ್ದೆ.

ನಿಮ್ಹಾನ್ಸಿನ ಸಣ್ಣ ವಯಸ್ಸಿನ ಡಾಕ್ಟರಮ್ಮ ಹಾಗನ್ನಲಿಲ್ಲ.
'ಇದೂ ಕಾಯಿಲೆನೇ, ಹೊಟ್ಟೆಯದರ ಹಾಗೆ' ಎಂದು
ಬಿಳಿ ಮಾತ್ರೆ ಬರೆದಳು, ರಾತ್ರಿ ಅರ್ಧ.
ನೂಲು ಕತ್ತರಿಸುವ ಟ್ರಿಮ್ಮರಿನಲ್ಲಿ ಅರ್ಧ ಮಾಡುತ್ತೇನೆ.
ಉಳಿದರ್ಧ ಡಬ್ಬಿಯಲ್ಲಿ.
ಡಬ್ಬಿ ನನ್ನ ಬ್ಯಾಗಿನಲ್ಲಿ, ಫ್ಯಾಕ್ಟರಿಗೂ ನನ್ನ ಜೊತೆ.
ಯಾಕೆಂದು ನೀನು ಕೇಳಿಲ್ಲ, ನಾನು ಹೇಳಿಲ್ಲ.

ಒಂದು ರಾತ್ರಿ ಮೂರಕ್ಕೆ ಚೀಲ ಬಿಟ್ಟುಕೊಂಡಿತು.
ಕಾವೇರಿ ಬರುವ ದಿನವಲ್ಲ.
ಇದ್ದ ಎರಡು ಬಕೆಟ್ಟಿನಲ್ಲಿ ನೀನು, ಬೆಡ್‌ಶೀಟು, ನೆಲ.
'ಬಿಟ್ಬಿಡು ನನ್ನ' ಅಂದೆ ನೀನು.
ಬೈದೆ. ಜೋರಾಗಿಯೇ ಬೈದೆ,
ಕೆಳಮನೆಯವರ ಲೈಟು ಹತ್ತಿತು.
ಬೈದದ್ದಕ್ಕೆ ಮಾರನೆಯ ದಿನ
ಫ್ಯಾಕ್ಟರಿಯ ಟಾಯ್ಲೆಟ್ಟಿನಲ್ಲಿ ನಿಂತು ಅತ್ತೆ.
ಟೋಕನ್ನಿಗೆ ಐದು ನಿಮಿಷ:
ನಾಲ್ಕು ಅಳುವುದಕ್ಕೆ, ಒಂದು ಮುಖ ತೊಳೆಯುವುದಕ್ಕೆ.

ಮೊನ್ನೆ ಭಾನುವಾರ ಹೆಸರುಬೇಳೆ ಆರಿಸುತ್ತಿದ್ದೆ.
ಕೆಳಗೆ ದಿಬ್ಬದಲ್ಲಿ ಬಸ್ಸೊಂದು ಏರಲಾರದೆ
ಗೊರಗೊರ, ಗೊರಗೊರ.
ಗೋಡೆಯ ಕಡೆಯಿಂದ ನಿನ್ನ ದನಿ,
ತುಕ್ಕು ಹಿಡಿದ ಚಿಲಕ ಎಳೆದ ಹಾಗೆ:
'ಸೆಕೆಂಡಿಗೆ ಹಾಕೋ ಮುಂಡೇದೆ,
ಕ್ಲಚ್ಚು ಸುಟ್ಟುಹೋಗುತ್ತೆ.'

ಅಷ್ಟೇ. ಮತ್ತೆ ಗೋಡೆ. ಸೋಮವಾರವೂ ಗೋಡೆ.
ಮಂಗಳವಾರ ಅನ್ನವೂ ಬೇಡ ಅಂದೆ ನೀನು.

ಶಿಫ್ಟು ಮುಗಿಸಿ ಬರುವಾಗ ನಾನೀಗ
ದಿಬ್ಬದ ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ,
ಯಾರಾದರೂ ಹೊಸ ಡ್ರೈವರು ಬರಲಿ,
ಗೇರು ತಪ್ಪಿಸಲಿ ಎಂದು.
ಇವತ್ತು ಎಲ್ಲ ಪಳಗಿದವರೇ, ಸಲೀಸಾಗಿ ಹತ್ತಿ ಹೋದರು.
ಎರಡನೇ ಮಹಡಿಯಲ್ಲಿ ಲೈಟು ಹಾಕಿಲ್ಲ.
ಬ್ಯಾಗಿಗೆ ಕೈಹಾಕಿ ನೋಡುತ್ತೇನೆ, ಡಬ್ಬಿ ಇದೆ.
ಮೆಟ್ಟಿಲು ಹತ್ತುತ್ತೇನೆ.