ಮುಳುಗುವ ಕಸುಬು

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ.
ನಾನು ಮುಳುಗುವುದನ್ನೇ ಕಸುಬು ಮಾಡಿಕೊಂಡವನು,
ಹತ್ತೊಂಬತ್ತು ವರ್ಷ, ಉತ್ತರ ಸಮುದ್ರದ ತಳದಲ್ಲಿ
ಎಣ್ಣೆಕೊಳವೆಗಳ ಬೋಲ್ಟು ಬಿಗಿದವನು.
ಕಡ್ಡಿಯ ಬೆಲೆ ನನಗಾದರೂ ಗೊತ್ತಿರಬೇಕಿತ್ತು.

ಈಗ ಪೀಟರ್‌ಹೆಡ್ಡಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ
ಕಡ್ಡಿಗಳ ಕಂತೆಯೇ ಇದೆ:
ಅಕ್ಕ ಊನಾ ತಂದ ಒಂಟೆಹಾಲಿನ ಪುಡಿ,
ಮೀನುಕಟ್ಟೆಯ ಡೇವಿ ಆಣೆಯಿಟ್ಟು ಕೊಟ್ಟ ತೊಟ್ಟುಮದ್ದು,
ಮೈಯೊಳಗಿನ ಸೀಸ, ಪಾದರಸ ಬಸಿಯುತ್ತೇವೆಂಬ ಒಂದು ಕಾಗದ.
ಅದನ್ನು ಡಾಕ್ಟರು ಓದಿ, ಕನ್ನಡಕ ತೆಗೆದು,
"ಇದು ಮಾತ್ರ ಬೇಡವೇ ಬೇಡ, ಜೀವಕ್ಕೇ ಬರಬಹುದು" ಅಂದಳು.
ಮಿಕ್ಕವು?
"ಪುರಾವೆ ಇಲ್ಲ." ಮೆಲ್ಲಗೆ ಅಂದಳು,
ಸಾವಿನ ಮನೆಗೆ ಮಾತಾಡಿಸಲು ಬಂದವಳ ಹಾಗೆ.
ಯಾರೂ ಸತ್ತಿರಲಿಲ್ಲ.
ರೂರಿ ಅವಳ ಕುರ್ಚಿಯ ಗಾಲಿ ತಿರುಗಿಸುತ್ತ ಕೂತಿದ್ದ.

ನಾಲ್ಕು ವರ್ಷ. ಮಾತು ಎರಡು: "ಇಲ್ಲ", "ಲೈಟು".
"ಟಕ್" ಅನ್ನುವುದನ್ನೂ ಸೇರಿಸಿದರೆ ಮೂರು.

ಇಷ್ಬೆಲ್ ಗೋಧಿ ಬಿಡಿಸಿದಳು, ಹಾಲು ಬಿಡಿಸಿದಳು,
ಅಕ್ಕಿಹಿಟ್ಟು ಗ್ರಾಮು ಗ್ರಾಮು ತೂಗಿ ಬ್ರೆಡ್ಡು ಸುಟ್ಟಳು.
ಅವನು ಮೂಸುವನು, ಕಿಟಕಿಯ ಕಟ್ಟೆಯ ಮೇಲೆ
ನೆಟ್ಟಗೆ ಸಾಲಾಗಿ ನಿಲ್ಲಿಸುವನು.
ಆರು ವಾರಕ್ಕೆ ಒಂದೂವರೆ ಕಿಲೋ ಇಳಿದ.
ಒಂದು ನಡುರಾತ್ರಿ ಕೆಳಗೆ ಬಂದರೆ
ದೀಪವಿಲ್ಲದೆ ಅವಳು ಮಾಮೂಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.
ಅವನು ನಾಲ್ಕು ತಿಂದ. ಅಂಚುಗಳನ್ನು ಅವಳು ತಿಂದಳು.
ಅಳುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಆಮೇಲೆ ಅಬರ್ಡೀನಿನ ಆ ಉಕ್ಕಿನ ಕೋಣೆ.
ಟೈರಂಗಡಿಯ ಪಕ್ಕ, ಹೊಸ ಬಣ್ಣ, ಒಳಗೆ ಬರೆದ ಮೀನುಗಳು.
ನಲವತ್ತು ಸಲ ಆಮ್ಲಜನಕ; ಒಂದು ಹಳೇ ವ್ಯಾನಿನ ದುಡ್ಡು.
ಬಾಗಿಲಿನ ತಿರುಗುಚಕ್ರವನ್ನು ನನ್ನ ಕೈ ನನಗಿಂತ ಮೊದಲು ಗುರುತಿಸಿತು.
"ಒತ್ತಡ ಎಷ್ಟು?" ಕೇಳಿದೆ.
"ಒಂದೂವರೆ ಪಟ್ಟು, ಏನೂ ಭಯವಿಲ್ಲ" ಅಂದಳು ಮಿಸ್ ಪೀರಿ.
ಹದಿನಾರು ಪಟ್ಟಿನಲ್ಲಿ ಉಂಡು, ಮಲಗಿ, ಇಸ್ಪೀಟಾಡಿದವನು ನಾನು,
ಇಪ್ಪತ್ತೆಂಟು ದಿನ ಒಂದೇ ಸಮನೆ.
ನಗು ಬಂತು. ಅಷ್ಟರಲ್ಲಿ ರೂರಿ
ಬಾಗಿಲು ಅಲುಗುವ ಮೊದಲೇ ಎರಡೂ ಕಿವಿ ಮುಚ್ಚಿಕೊಂಡ.

ಅಲ್ಲಿ ಕೆಳಗೆ ಉಸಿರಿನ ತುಂಬ ಹೀಲಿಯಂ.
ಗಂಡಸಿನ ಗಂಟಲು ಬಾತುಕೋಳಿಯದಾಗುತ್ತದೆ.
ಹೆಂಡತಿಗೆ ಫೋನು ಮಾಡಿದರೆ ಅವಳಿಗೂ ತಿಳಿಯದು.
ಮೇಲೆ ಹಡಗಿನಲ್ಲಿ ಶೆಟ್ಲೆಂಡಿನ ಮ್ಯಾಗ್ನಸ್ ಕೂತಿರುತ್ತಿದ್ದ,
ದನಿ ಬಿಡಿಸುವ ಯಂತ್ರವೊಂದಿತ್ತು, ಅರ್ಧ ದಿನ ಕೆಟ್ಟಿರುವುದು.
ಅವನು ಕೇಳಿಸಿಕೊಂಡ. ತಿಂಗಳುಗಟ್ಟಲೆ ಕೇಳಿಸಿಕೊಂಡ.
ಸುತ್ತಿಗೆಯ ಕ್ವಾಕ್ ಯಾವುದು, ಭಯದ ಕ್ವಾಕ್ ಯಾವುದು,
ಕೊನೆಗೆ ಎಲ್ಲ ಗೊತ್ತು ಅವನಿಗೆ.
ಸರಿಯಾಗಿ ಮಾತಾಡು ಅಂತ ಒಂದು ಸಲವೂ ಅನ್ನಲಿಲ್ಲ.

ದುಡ್ಡು ಕಿಸೆಯಲ್ಲೇ ಮನೆಗೆ ಬಂತು.

ಗುರುವಾರ ಒಂದು ಮುದಿ ಕುದುರೆಯ ಹತ್ತಿರ ಹೋಗುತ್ತೇವೆ.
ಅದರ ಕೊರಳಿಗೆ ಮುಖ ಒತ್ತಿ ನಿಲ್ಲುತ್ತಾನೆ, ಅರ್ಧ ಗಂಟೆ.
ಅದಕ್ಕೂ ಏನೋ ದೊಡ್ಡ ಹೆಸರಿದೆ, ದರಪಟ್ಟಿ ಇದೆ.
ಇಷ್ಬೆಲ್ ಅದನ್ನು ಗುರುವಾರ ಅಂತಲೇ ಕರೆಯುತ್ತಾಳೆ.
ಚಿತ್ರದ ಚೀಟಿಗಳಿಂದ ಮಾತು ಕಲಿಸುವಾಕೆಯ ಸರದಿಗೆ
ಇನ್ನೂ ಒಂಬತ್ತು ತಿಂಗಳು.

ಸಂಜೆ ಅವನಿಗೆ ಅಜ್ಜಿಯ ಹಿತ್ತಾಳೆ ತಕ್ಕಡಿ ಬೇಕು.
ಒಂದು ತಟ್ಟೆಗೆ ನನ್ನ ಸೊಂಟಪಟ್ಟಿಯ ಸೀಸದ ಗುಂಡು,
ಇನ್ನೊಂದಕ್ಕೆ ಕೈಗೆ ಸಿಕ್ಕಿದ್ದು:
ಕೀಲಿ, ಕಪ್ಪೆಚಿಪ್ಪು, ನಿನ್ನೆ ಆ ಉಕ್ಕಿನ ಕೋಣೆಯ ಕರಪತ್ರ.
ತಟ್ಟೆ ಜಗ್ಗಲಿಲ್ಲ. "ಟಕ್" ಅಂದ, ನಕ್ಕ,
ಕಾಗದ ತೆಗೆದು ನನ್ನ ಕೈಗಿಟ್ಟ.

ಬಿಸಾಡಿಲ್ಲ, ಸುಳ್ಳೇಕೆ ಹೇಳಲಿ.
ಮತ್ತೆ ಮಡಚಿ, ಒಂಟೆಹಾಲಿನ ಡಬ್ಬದ ಅಡಿಗೆ ಸೇರಿಸಿದೆ.
ಕೆಲವು ಬೆಳಗ್ಗೆ ನೋಡಿದರೆ
ಮಡಿಕೆ ನಾನು ಮಡಚಿದ ಹಾಗಿರುವುದಿಲ್ಲ.